ಒಂದೇ ಕೊಡೆಗೆ ಮೂರು ಸಾಲು ಮಳೆ: ಕಿರುಚಿತ್ರಕ್ಕಾಗಿ ಮಳೆಯಂತ್ರ ಕಟ್ಟಿದ ದಿನಚರಿ

ನಾವು ಕೆಲವು ಗೆಳೆಯರು ಸೇರಿ ಮಾಡುತ್ತಿರುವ 18 ನಿಮಿಷದ ಪ್ರೇಮಹಾಸ್ಯ ಕಿರುಚಿತ್ರದ ಕಥೆಯೆಲ್ಲ ತಿರುಗುವುದು ಒಂದು ಬಸ್ ನಿಲ್ದಾಣದಲ್ಲಿ. ಕೊನೆಯ ಬಸ್ಸಿಗೆ ಕಾಯುತ್ತಿರುವ ಇಬ್ಬರು, ಅವರ ನಡುವೆ ಒಂದೇ ಕೊಡೆ, ತಲೆಯ ಮೇಲೆ ಸೋರುವ ಜಿಂಕ್ ಶೀಟಿನ ಸೂರು. ಅಲ್ಲಿಯವರೆಗೆ ಮಾತಿಗೊಮ್ಮೆ ಜಗಳವಾಡುತ್ತಿದ್ದವರು ಮಳೆಗೆ ಅಂಜಿ ಒಂದೊಂದೇ ಹೆಜ್ಜೆ ಹತ್ತಿರ ಸರಿಯುತ್ತಾರೆ, ಜೋರಾಗಿ ಬೀಸಿದ ಗಾಳಿಗೆ ಕೊಡೆ ಮೇಲ್ಮುಖವಾಗಿ ಮಗುಚಿಕೊಳ್ಳುತ್ತದೆ, ಇಬ್ಬರೂ ತೊಪ್ಪೆಯಾಗಿ ತೊಯ್ದು ಮೊದಲ ಬಾರಿಗೆ ಒಟ್ಟಿಗೆ ನಗುತ್ತಾರೆ. ಚಿತ್ರಕಥೆಯಲ್ಲಿ ಇದು ಒಂದೂವರೆ ಪುಟ. ಚಿತ್ರೀಕರಣಕ್ಕೆ ನಟರಿಬ್ಬರೂ ಒಟ್ಟಿಗೆ ಸಿಕ್ಕಿದ್ದು ಏಪ್ರಿಲ್ ತಿಂಗಳಲ್ಲಿ, ಜಾಗ ಸಿಕ್ಕಿದ್ದು ಮೈಸೂರಿನ ಹೊರವಲಯದ ಪರಿಚಿತರೊಬ್ಬರ ತೋಟದಲ್ಲಿ. ಆಕಾಶದಲ್ಲಿ ಮೋಡದ ಸುಳಿವೂ ಇರಲಿಲ್ಲ. ಕಲಾ ವಿಭಾಗ ನನ್ನ ಪಾಲಿಗೆ ಬಂದಿದ್ದರಿಂದ ಮಳೆ ಸುರಿಸುವ ಹೊಣೆಯೂ ನನ್ನದೇ ಆಯಿತು. ಹನ್ನೊಂದು ದಿನಗಳ ಆ ಕೆಲಸವನ್ನು, ಕೆಟ್ಟದ್ದನ್ನೂ ಸರಿಪಡಿಸಿದ್ದನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಪೈಪು ಕೊಳ್ಳುವ ಮೊದಲು ಮಳೆಯಿಂದ ಈ ದೃಶ್ಯಕ್ಕೆ ಏನು ಕೆಲಸ ಆಗಬೇಕು ಎಂಬುದನ್ನು ನಿರ್ದೇಶಕರೊಡನೆ ಕುಳಿತು ತೀರ್ಮಾನಿಸಿಕೊಂಡೆವು. ಫ್ರಾಂಕ್ ಕಾಪ್ರಾ 1934ರಲ್ಲಿ ಮಾಡಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಮಳೆಗೆ ಸೇತುವೆ ಕೊಚ್ಚಿಹೋಗಿ ಬಸ್ಸು ಮುಂದೆ ಹೋಗಲಾರದೆ ನಿಂತಿದ್ದರಿಂದಲೇ ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುವ ಆ ಪ್ರಸಿದ್ಧ ಸನ್ನಿವೇಶ ಹುಟ್ಟುವುದು ಮಳೆಯಿಂದ. ನಮ್ಮಲ್ಲಿ 2006ರ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ನೋಡಿದವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಮಹಾಸ್ಯದಲ್ಲಿ ಮಳೆಯು ಇಬ್ಬರಿಗೂ ಓಡಿಹೋಗಲು ದಾರಿ ಬಿಡದೆ ಒಂದೆಡೆ ನಿಲ್ಲಿಸುತ್ತದೆ, ಆ ಮೇಲೆ ಅವರು ಆಡುವ ಮಾತಿನಿಂದ ನಗುವೂ ಒಲವೂ ಬರುತ್ತವೆ. ಹಾಗಾಗಿ ನನ್ನ ಯಂತ್ರಕ್ಕೆ ಎರಡು ನಿಬಂಧನೆಗಳಿದ್ದವು: ಮಳೆ ಎಷ್ಟು ಜೋರಾಗಿ ಕಂಡರೆ ಇವರು ಅಲ್ಲಿಂದ ಕದಲಲಾರರು ಎಂದು ನೋಡುಗರು ನಂಬುತ್ತಾರೋ ಅಷ್ಟು ಜೋರಾಗಿರಬೇಕು, ಆದರೂ ನಟರ ಕಣ್ಣು, ತುಟಿ, ಹುಬ್ಬಿನ ಚಲನೆ ಒಂದೂ ಮರೆಯಾಗಬಾರದು. ಈ ಎರಡನ್ನೂ ಒಂದೇ ಪೈಪಿನಿಂದ ಸಾಧಿಸಲು ಆಗುವುದಿಲ್ಲ ಎಂದು ಅರ್ಥವಾಗಲು ನನಗೆ ನಾಲ್ಕು ದಿನ ಹಿಡಿಯಿತು.

ಮೊದಲ ದಿನ ನಾಲ್ಕು ಸರ್ವೆ ಕಂಬಗಳನ್ನು ನೆಲದಲ್ಲಿ ಎರಡು ಅಡಿ ಹೂತು, ಮೇಲೆ ಬಿದಿರಿನ ಬೊಂಬುಗಳನ್ನು ಅಡ್ಡ ಕಟ್ಟಿ, 14 ಅಡಿ ಉದ್ದ, 10 ಅಡಿ ಅಗಲ, 13 ಅಡಿ ಎತ್ತರದ ಚಪ್ಪರದಂಥ ಚೌಕಟ್ಟು ನಿಲ್ಲಿಸಿದೆವು. ಬಸ್ ನಿಲ್ದಾಣದ ಸೆಟ್ಟು ಇದರ ಒಳಗೆ ಕೂರುತ್ತದೆ: ಎರಡು ಕಂಬ, ಒಂದು ಕಲ್ಲುಬೆಂಚು, ಜಿಂಕ್ ಶೀಟಿನ ಸೂರು, ಹಿಂದೆ ಗೋಡೆ ಇಲ್ಲ. ಮುಕ್ಕಾಲು ಇಂಚಿನ ಪಿವಿಸಿ ಪೈಪಿಗೆ ಒಂದೂವರೆ ಮಿ.ಮೀ. ಡ್ರಿಲ್ ಬಿಟ್ಟಿನಿಂದ ಕೆಳಮುಖವಾಗಿ ಸಾಲಾಗಿ ತೂತು ಕೊರೆದು, ಒಂದು ಎಚ್.ಪಿ. ಮೋನೋಬ್ಲಾಕ್ ಪಂಪಿಗೆ ಜೋಡಿಸಿ ನೀರು ಬಿಟ್ಟೆವು. ಪ್ರತಿ ತೂತಿನಿಂದಲೂ ನೆಟ್ಟಗೆ, ಕಡಿಯದ ದಾರದಂತೆ ನೀರು ಇಳಿಯಿತು. ಮಣಿ ಪರದೆ ಇಳಿಬಿಟ್ಟಂತೆ ಕಾಣುತ್ತಿತ್ತು. ಪೈಪು ಜೋಡಿಸಲು ಬಂದಿದ್ದ ಪ್ಲಂಬರ್ ಅಣ್ಣ ತಲೆ ಎತ್ತಿ ನೋಡಿ, “ಸಾರ್, ತೂತು ಕೆಳಕ್ಕಿದ್ರೆ ಇದು ಷವರ್ ಆಗುತ್ತೆ ಅಷ್ಟೆ. ಮೇಲಕ್ಕೆ ತಿರುಗ್ಸಿ, ಹಾರಿ ಒಡ್ದು ಬೀಳ್ಲಿ” ಎಂದರು. ಅವರು ಚಿತ್ರರಂಗದ ಮುಖ ನೋಡಿದವರಲ್ಲ; ತೋಟಗಳಿಗೆ ಸ್ಪ್ರಿಂಕ್ಲರ್ ಕೂರಿಸುವವರು. ದೊಡ್ಡ ಚಿತ್ರಗಳ ಮಳೆಯಂತ್ರಗಳಲ್ಲಿಯೂ ನೀರನ್ನು ಮೊದಲು ಮೇಲಕ್ಕೆ ಚಿಮ್ಮಿಸಿ, ಗಾಳಿಯಲ್ಲಿ ಹನಿಹನಿಯಾಗಿ ಒಡೆದ ಬಳಿಕ ಕೆಳಕ್ಕೆ ಬೀಳುವಂತೆ ಮಾಡುವುದು ಇದೇ ಕಾರಣಕ್ಕೆ.

ಎರಡನೆಯ ದಿನ ಪೈಪನ್ನು ತಿರುವಿ, ತೂತನ್ನು ಎರಡು ಮಿ.ಮೀ.ಗೆ ಹಿಗ್ಗಿಸಿ, ಅವು ನೇರ ಮೇಲಕ್ಕೆ ನೋಡದೆ ಸ್ವಲ್ಪ ಓರೆಯಾಗುವಂತೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕೊರೆದೆವು. ತೂತುಗಳ ನಡುವೆ ಅರ್ಧ ಅಡಿ ಅಂತರ, 14 ಅಡಿಯ ಸಾಲಿಗೆ 28 ತೂತು. ನೀರು ಐದಾರು ಅಡಿ ಮೇಲೆ ಚಿಮ್ಮಿ, ನೆತ್ತಿ ತಲುಪಿದಲ್ಲಿ ಚೂರಾಗಿ, ಹಿಂದುಮುಂದಾಗಿ ಬಿದ್ದಿತು. ಸಾಲುಗಳು ಮಾಯವಾಗಿದ್ದವು. ಎರಡು ಮಿ.ಮೀ.ಗಿಂತ ಸಣ್ಣ ತೂತು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹನಿ ನೀರಾವರಿಯ ಮಂಜಿನ ನಾಜಲ್‌ಗಳನ್ನೂ ಒಂದು ಸಂಜೆ ಹಾಕಿ ನೋಡಿದೆವು. ಅವು ಬೆಳಗಿನ ಇಬ್ಬನಿಯಂತೆ ಸುಂದರವಾಗಿದ್ದವು, ಆದರೆ ಆ ಇಬ್ಬನಿಗೆ ಹೆದರಿ ಯಾರೂ ಕೊಡೆ ಬಿಚ್ಚುವುದಿಲ್ಲ.

ಆಗ ಕಂಡ ತೊಂದರೆ ಎಂದರೆ ಪಂಪಿನ ಹತ್ತಿರದ ತುದಿಯಲ್ಲಿ ನೀರು ಆರಡಿ ಚಿಮ್ಮಿದರೆ ದೂರದ ತುದಿಯಲ್ಲಿ ಎರಡಡಿಯೂ ಏಳುತ್ತಿರಲಿಲ್ಲ. ದಾರಿಯುದ್ದಕ್ಕೂ ಒತ್ತಡ ಸೋರಿಹೋಗುತ್ತಿತ್ತು. ದೊಡ್ಡ ಪಂಪು ತಂದರೆ ಇದು ಸರಿಹೋಗದು, ಎರಡೂ ತುದಿ ಒಂದೇ ಪ್ರಮಾಣದಲ್ಲಿ ಏರುತ್ತವೆ, ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ಮುಖ್ಯ ಪೈಪನ್ನು ಒಂದೂಕಾಲು ಇಂಚಿಗೆ ಏರಿಸಿ, ಅದನ್ನು ಚೌಕಟ್ಟಿನ ಸುತ್ತ ಉಂಗುರದಂತೆ ಒಯ್ದು, ಪ್ರತಿ ಸಾಲಿಗೂ ಎರಡೂ ತುದಿಗಳಿಂದ ನೀರು ಬರುವಂತೆ ಟೀ, ಎಂದರೆ ಮೂರು ಬಾಯಿಯ ಪೈಪು ಜೋಡಣೆ, ಹಾಕಿದೆವು. ಇದಾದ ಮೇಲೆ ಸಾಲಿನುದ್ದಕ್ಕೂ ಚಿಮ್ಮುವ ಎತ್ತರದಲ್ಲಿ ಒಂದು ಗೇಣಿಗಿಂತ ಹೆಚ್ಚು ಅಂತರ ಉಳಿಯಲಿಲ್ಲ. ಪೈಪು ಅಂಟಿಸುವ ಸೊಲ್ಯೂಷನ್ ಒಣಗಲು ಒಂದು ರಾತ್ರಿ ಬಿಡಬೇಕಿತ್ತು. ಆತುರಕ್ಕೆ ಎರಡು ಗಂಟೆಯಲ್ಲಿ ಪಂಪು ಹಾಕಿದ್ದರಿಂದ ಒಂದು ಟೀ ಕಿತ್ತು ಹಾರಿ ಹೋಯಿತು. ಅದನ್ನು ಮತ್ತೆ ಕೂರಿಸಿದ ಜಾಗದಲ್ಲಿ ಕೊನೆಯ ದಿನದವರೆಗೂ ಸಣ್ಣಗೆ ಸೋರುತ್ತಿತ್ತು.

ಮೂರನೆಯ ದಿನ ನೀರಿನ ಲೆಕ್ಕ ಹಾಕಿದೆ. 20 ಲೀಟರಿನ ಬಕೆಟ್ಟು 16 ಸೆಕೆಂಡಿನಲ್ಲಿ ತುಂಬಿತು, ಎಂದರೆ ನಿಮಿಷಕ್ಕೆ 75 ಲೀಟರ್. ಮಳೆ ಬೀಳುವ ನೆಲ ಸುಮಾರು 13 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಅದು ಒಂದು ಮಿ.ಮೀ. ಮಳೆ, ಆ ಪ್ರಕಾರ ನಮ್ಮ ಯಂತ್ರ ಗಂಟೆಗೆ ಸುಮಾರು 346 ಮಿ.ಮೀ. ಸುರಿಸುತ್ತಿತ್ತು. ಭಾರತೀಯ ಹವಾಮಾನ ಇಲಾಖೆ 24 ಗಂಟೆಯಲ್ಲಿ 64.5 ಮಿ.ಮೀ. ಬಿದ್ದರೆ ಅದನ್ನು ಭಾರೀ ಮಳೆ ಎಂದು ಕರೆಯಲು ತೊಡಗುತ್ತದೆ; ನಾವು ಅದನ್ನು 12 ನಿಮಿಷದೊಳಗೆ ದಾಟುತ್ತಿದ್ದೆವು. ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಕಾಣುವ ಆಗುಂಬೆಯವರಿಗೂ ಇಂಥ ಒಂದು ಗಂಟೆ ಅಪರೂಪ. ಇಷ್ಟಾದರೂ ಕ್ಯಾಮೆರಾದ ಪರದೆಯ ಮೇಲೆ ಅದು ಜಿಟಿಜಿಟಿ ಮಳೆಯಂತೆ ಕಾಣುತ್ತಿದ್ದುದು ನನ್ನನ್ನು ಒಂದು ಇಡೀ ಮಧ್ಯಾಹ್ನ ಕಾಡಿತು. ಕಾರಣ ಹೊಳೆದದ್ದು ಮಲೆನಾಡಿನ ಮಳೆಯನ್ನು ನೆನಪಿಸಿಕೊಂಡಾಗ. ನಿಜವಾದ ಮಳೆಯಲ್ಲಿ ನಮ್ಮ ಕಣ್ಣೆದುರಿಗೆ ಗುಡ್ಡದ ತನಕ, ಅದರಾಚೆಯ ಗುಡ್ಡದ ತನಕ ಹನಿಗಳ ಪದರದ ಮೇಲೆ ಪದರ ಇರುತ್ತದೆ. ಆ ಎಲ್ಲ ಪದರಗಳೂ ಕೂಡಿ ಮಳೆ ದಟ್ಟವಾಗಿ ಕಾಣುತ್ತದೆ. ನಮ್ಮ ಮಳೆಯ ದಪ್ಪ ಕೇವಲ ಹತ್ತಡಿ. ಆ ಹತ್ತಡಿಯಲ್ಲಿ ಬೀಳುವ ಪ್ರತಿ ಹನಿಯೂ ಕ್ಯಾಮೆರಾಕ್ಕೆ ಕಾಣದೆ ಹೋದರೆ ಎಷ್ಟು ನೀರು ಸುರಿದರೂ ವ್ಯರ್ಥ.

ಹನಿ ಕಾಣಿಸುವ ವಿಷಯಕ್ಕೆ ಬಂದಾಗ ತಂಡದಲ್ಲಿ ಇಬ್ಬರು ನೀರಿಗೆ ಹಾಲು ಬೆರೆಸೋಣ ಎಂದರು. 1952ರ ‘ಸಿಂಗಿನ್ ಇನ್ ದ ರೇನ್’ ಚಿತ್ರದ ಪ್ರಸಿದ್ಧ ಹಾಡಿನಲ್ಲಿ ಜೀನ್ ಕೆಲಿ ಕುಣಿದ ಮಳೆಗೆ ಹಾಲು ಬೆರೆಸಿದ್ದರಂತೆ ಎಂಬ ಮಾತು ಸಿನಿಮಾ ಮಂದಿಯ ಬಾಯಲ್ಲಿ ಎಷ್ಟೋ ವರ್ಷಗಳಿಂದ ಓಡಾಡುತ್ತಿದೆ. ಅದು ನಿಜವಲ್ಲ. ಅಲ್ಲಿ ಮಳೆಯನ್ನು ಕಾಣಿಸಿದ್ದು ಛಾಯಾಗ್ರಾಹಕ ಹೆರಾಲ್ಡ್ ರಾಸನ್ ಹಿಂದಿನಿಂದ ಕೊಟ್ಟ ಬೆಳಕು. ಆ ಹಾಡಿನ ತಯಾರಿಯನ್ನು ನಾನು ಈ ಹನ್ನೊಂದು ದಿನವೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಎಂಜಿಎಂ ಸ್ಟುಡಿಯೋದ ಬಯಲು ಸೆಟ್ಟಿನ ಬೀದಿಗೆ ಟಾರ್ಪಾಲಿನ್ ಹೊದಿಸಿ ಹಗಲನ್ನು ರಾತ್ರಿ ಮಾಡಿದ್ದರು. ಕೆಲಿ ಎಲ್ಲೆಲ್ಲಿ ನೀರು ಚಿಮ್ಮಿಸಬೇಕೋ ಅಲ್ಲಲ್ಲಿಗೆ ಸರಿಯಾಗಿ ನೆಲವನ್ನು ಅಗೆದು ಗುಂಡಿ ಮಾಡಿದ್ದರು. ಆ ದಿನಗಳಲ್ಲಿ ಅವರಿಗೆ 103 ಡಿಗ್ರಿ ಫ್ಯಾರನ್‌ಹೀಟ್ ಜ್ವರವಿತ್ತು. ಸಂಜೆಯ ಹೊತ್ತಿಗೆ ಸ್ಟುಡಿಯೋ ಇದ್ದ ಕಲ್ವರ್ ಸಿಟಿಯ ನಿವಾಸಿಗಳು ತಮ್ಮ ಹುಲ್ಲುಹಾಸಿಗೆ ನೀರು ಬಿಡಲು ಶುರುಮಾಡುತ್ತಿದ್ದುದರಿಂದ ಸೆಟ್ಟಿನ ಮಳೆಯ ಒತ್ತಡ ಇಳಿದುಹೋಗುತ್ತಿತ್ತು ಎಂಬ ವಿವರವನ್ನು ಓದಿದಾಗ, ಅಷ್ಟು ದೊಡ್ಡ ಸ್ಟುಡಿಯೋಗೂ ನಮ್ಮದೇ ತಾಪತ್ರಯವಿತ್ತಲ್ಲ ಎಂದು ಧೈರ್ಯ ಬಂದಿತ್ತು. ಹಾಲಿನ ಪಕ್ಷದವರ ಸಮಾಧಾನಕ್ಕಾಗಿ ಒಂದು ಬಕೆಟ್ ನೀರಿಗೆ ಅರ್ಧ ಲೀಟರ್ ಹಾಲು ಹಾಕಿ ಒಂದೇ ಪೈಪಿನಲ್ಲಿ ಹರಿಸಿ ನೋಡಿದೆವು. ಮುಂದಿನ ದೀಪದಲ್ಲಿ ಚೂರು ಬೆಳ್ಳಗೆ ಕಂಡಿತು, ಹಿಂದಿನ ದೀಪದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಮರುದಿನ ಪೈಪಿನಿಂದ ಹುಳಿ ವಾಸನೆ ಬಂತು.

ಬೆಳಕಿನ ಪರೀಕ್ಷೆಯನ್ನು ಕತ್ತಲಾದ ಮೇಲೆ ಮಾಡಿದೆವು. 200 ವ್ಯಾಟಿನ ಎಲ್‌ಇಡಿ ದೀಪವನ್ನು ಕ್ಯಾಮೆರಾದ ಪಕ್ಕದಲ್ಲಿಟ್ಟಾಗ ಮುಖಗಳು ಚೆನ್ನಾಗಿ ಕಂಡವು, ಮಳೆ ಎಲ್ಲಿಯೂ ಇರಲಿಲ್ಲ. ಅದೇ ದೀಪವನ್ನು ನಿಲ್ದಾಣದ ಹಿಂದೆ 25 ಅಡಿ ದೂರಕ್ಕೆ ಒಯ್ದು, 12 ಅಡಿ ಎತ್ತರದಿಂದ ಕ್ಯಾಮೆರಾದ ಕಡೆಗೆ ಓರೆಯಾಗಿ ತಿರುಗಿಸಿದ ಕೂಡಲೇ ಹತ್ತಡಿಯ ಒಳಗಿನ ಒಂದೊಂದು ಹನಿಯೂ ಬೆಳ್ಳಿಯ ಗೀರಿನಂತೆ ಎದ್ದು ನಿಂತಿತು. ನೀರಿನ ಹನಿ ಪುಟ್ಟ ಮಸೂರದಂತೆ. ಬಿದ್ದ ಬೆಳಕಿನ ಬಹುಪಾಲನ್ನು ಅದು ಬಾಗಿಸಿ ಮುಂದಕ್ಕೆ ದಾಟಿಸುತ್ತದೆ, ಬಂದ ಕಡೆಗೆ ಮರಳಿಸುವುದು ಬಹಳ ಕಡಿಮೆ. ಬೆಳಕು ಹಿಂದಿದ್ದರೆ ಆ ಬಹುಪಾಲು ಕ್ಯಾಮೆರಾಕ್ಕೆ ಸಿಗುತ್ತದೆ. ಹನಿಗಳ ಹಿಂದೆ ಕಪ್ಪು ಇರಬೇಕಾದದ್ದೂ ಅಷ್ಟೇ ಮುಖ್ಯ: ನಮ್ಮ ಅದೃಷ್ಟಕ್ಕೆ ಅಲ್ಲಿ ಹಳೆಯ ಮಾವಿನ ಮರಗಳಿದ್ದವು. ಅವುಗಳ ನಡುವೆ ಬಿಳಿ ಸುಣ್ಣದ ಪಂಪ್‌ಹೌಸ್ ಗೋಡೆಯೊಂದು ಇಣುಕುತ್ತಿತ್ತು, ಅದರ ಮೇಲೆ ಕಪ್ಪು ಬಟ್ಟೆ ಇಳಿಬಿಟ್ಟೆವು.

ಕ್ಯಾಮೆರಾ ಹಿಡಿದ ಗೆಳೆಯ ಮೊದಲು ಹಗಲಿನಲ್ಲಿ ತೆಗೆದ ತುಣುಕಿನಲ್ಲಿ ಹನಿಗಳು ಗಾಜಿನ ಗೋಲಿಗಳಂತೆ ಗಾಳಿಯಲ್ಲಿ ನಿಂತುಬಿಟ್ಟಿದ್ದವು, ಮಳೆಯ ಹರಿವೇ ಇರಲಿಲ್ಲ. ಬಿಸಿಲಿನ ಬೆಳಕು ಹೆಚ್ಚಾಗಿದ್ದರಿಂದ ಶಟರ್ ವೇಗವನ್ನು (ಒಂದೊಂದು ಚಿತ್ರಕ್ಕೂ ಕ್ಯಾಮೆರಾ ಬೆಳಕು ಬಿಟ್ಟುಕೊಳ್ಳುವ ಅವಧಿ) ಸೆಕೆಂಡಿನ 1/200ಕ್ಕೆ ಏರಿಸಿದ್ದರಿಂದ ಆದ ಎಡವಟ್ಟು ಅದು. ಎರಡು ಮೂರು ಮಿ.ಮೀ. ಹನಿ ನಮ್ಮ ಎತ್ತರದಿಂದ ಬಿದ್ದಾಗ ಸೆಕೆಂಡಿಗೆ ಆರೇಳು ಮೀಟರ್ ಓಡುತ್ತದೆ; 1/200ರಲ್ಲಿ ಅದು ಮೂರು ಸೆಂ.ಮೀ. ಚಲಿಸಿದರೆ 1/50ರಲ್ಲಿ 12 ಸೆಂ.ಮೀ.ಗೂ ಹೆಚ್ಚು ಚಲಿಸಿ, ಕಣ್ಣು ಮಳೆ ಎಂದು ಒಪ್ಪುವ ಗೀರನ್ನು ಎಳೆಯುತ್ತದೆ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜ್ ಆಗಿರುವುದರಿಂದ, ಕ್ಯಾಮೆರಾದ ಚೌಕಟ್ಟಿನೊಳಗೆ ಕಾಣುವ ಬೀದಿದೀಪ ಮಿನುಗದೆ ಉಳಿಯಲಿಕ್ಕೂ 1/50 ಒಳ್ಳೆಯದು. ಆ ಬಳಿಕ ಶಟರ್ ಮುಟ್ಟಲಿಲ್ಲ.

ನಾಲ್ಕನೆಯ ರಾತ್ರಿ ನಟರಿಬ್ಬರನ್ನು ಕೊಡೆಯಡಿ ನಿಲ್ಲಿಸಿ ಎಲ್ಲ ಪೈಪುಗಳನ್ನೂ ತೆರೆದಾಗಲೇ ಮೂಲ ಸಮಸ್ಯೆ ಎದುರಾದದ್ದು. ಮಳೆ ಅದ್ಭುತವಾಗಿತ್ತು, ಆದರೆ ನಟಿ ಕಣ್ಣು ತೆರೆಯಲಾರದೆ ರೆಪ್ಪೆ ಬಡಿಯುತ್ತಿದ್ದರು, ನಟನ ಬಾಯೊಳಗೆ ಹನಿ ಹೋಗಿ ಮಾತು ನಡುವೆಯೇ ನಿಲ್ಲುತ್ತಿತ್ತು, ಕೊಡೆಯ ಅಂಚಿನಿಂದ ಸುರಿಯುವ ನೀರು ಇಬ್ಬರ ಮುಖದ ಮುಂದೆ ಪರದೆ ಎಳೆದಿತ್ತು. ಜಗಳದ ಮಾತಿನಲ್ಲಿ ಹಾಸ್ಯ ಇರುವುದು ಒಂದು ಕ್ಷಣದ ಮೌನದಲ್ಲಿ, ಅರ್ಧಕ್ಕೇರಿದ ಒಂದು ಹುಬ್ಬಿನಲ್ಲಿ, ಅದಾವುದೂ ಕಾಣಲಿಲ್ಲ. ಮಳೆಯನ್ನು ಕಡಿಮೆ ಮಾಡಿದರೆ ಅವರು ಅಲ್ಲಿ ನಿಂತಿರುವುದಕ್ಕೇ ಅರ್ಥವಿರಲಿಲ್ಲ. ಅಂದು ರಾತ್ರಿ ಮಳೆಯನ್ನು ಒಂದೇ ಎಂದು ತಿಳಿಯುವುದನ್ನು ಬಿಟ್ಟು ಮೂರಾಗಿ ಒಡೆದೆವು.

ಕ್ಯಾಮೆರಾದ ಕಡೆಗೆ ಒಂದು ಸಾಲು, ನಿಲ್ದಾಣದ ಸೂರಿನ ಅಂಚಿನ ಮೇಲೆ ಇನ್ನೊಂದು, ನಿಲ್ದಾಣದ ಬೆನ್ನಿಗೆ ಮೂರನೆಯದು. ಪ್ರತಿಯೊಂದಕ್ಕೂ ಎರಡು ತುದಿಯಲ್ಲೂ ಪ್ರತ್ಯೇಕ ಬಾಲ್ ವಾಲ್ವ್. ಮಾತು ನಡೆಯುವಾಗ ಮುಂದಿನ ಸಾಲೂ ಹಿಂದಿನ ಸಾಲೂ ಸುರಿಯುತ್ತವೆ, ನಟರು ನಿಂತ ನಡುವಿನ ನಾಲ್ಕೈದು ಅಡಿಯಲ್ಲಿ ತುಂತುರು ಮಾತ್ರ. ಕ್ಯಾಮೆರಾ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡುವುದರಿಂದ ಅವರು ಕುಂಭದ್ರೋಣ ಮಳೆಯ ನಡುವೆ ನಿಂತಂತೆಯೇ ಕಾಣುತ್ತದೆ. ಕೊಡೆ ಮಗುಚುವ ಹೊತ್ತಿಗೆ ನಡುವಿನ ಸಾಲನ್ನು ತೆರೆದರೆ ಅವರು ನಿಜವಾಗಿ ತೋಯುತ್ತಾರೆ. ಇದರಲ್ಲಿ ತಿದ್ದಬೇಕಾದ್ದು ಎರಡಿತ್ತು. ಮುಂದಿನ ಸಾಲು ಕ್ಯಾಮೆರಾದಿಂದ ಎರಡೇ ಅಡಿ ದೂರದಲ್ಲಿದ್ದಾಗ ಅದರ ಹನಿಗಳು ಫೋಕಸ್ ತಪ್ಪಿ ದಪ್ಪ ಬಿಳಿ ಪಟ್ಟೆಗಳಾಗಿ ಮುಖಗಳ ಮೇಲೆ ಅಡ್ಡಾಡುತ್ತಿದ್ದವು. ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ ಅಂತರವನ್ನು ಐದು ಅಡಿ ಮಾಡಿದಾಗ ಅವು ತೆಳ್ಳಗಾದವು. ಇನ್ನೊಂದು, ನಡುವಿನ ಸಾಲನ್ನು ಮುಚ್ಚಿದ ತಕ್ಷಣ ಅದರ ಪಾಲಿನ ನೀರೆಲ್ಲ ಉಳಿದೆರಡಕ್ಕೆ ನುಗ್ಗಿ ಕಾರಂಜಿಯಾಗುತ್ತಿತ್ತು, ತೆರೆದ ಕೂಡಲೇ ಅವು ಕುಗ್ಗುತ್ತಿದ್ದವು. ಪಂಪಿನ ಬಾಯಿಯ ಬಳಿ ಟ್ಯಾಂಕಿಗೆ ಮರಳುವ ಒಂದು ಬೈಪಾಸ್ ಪೈಪನ್ನು ವಾಲ್ವ್ ಸಮೇತ ಹಾಕಿ, ನಡುವಿನ ಸಾಲು ಮುಚ್ಚಿರುವಾಗ ಹೆಚ್ಚಿನ ನೀರು ಆ ದಾರಿಯಲ್ಲಿ ಹಿಂದಿರುಗುವಂತೆ ಮಾಡಿದೆವು. ಒಬ್ಬರು ನಡುವಿನ ವಾಲ್ವ್ ತೆರೆಯುವಾಗ ಇನ್ನೊಬ್ಬರು ಬೈಪಾಸ್ ಮುಚ್ಚಬೇಕು, ಇಬ್ಬರ ಕೈಯೂ ಒಟ್ಟಿಗೆ ತಿರುಗಬೇಕು. ಒಂದು ಗಂಟೆಯ ಅಭ್ಯಾಸದಲ್ಲಿ ಅದು ಕೈಗೆ ಹತ್ತಿತು. ಈ ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಆ ಬೈಪಾಸ್ ವಾಲ್ವ್.

ಏಪ್ರಿಲ್ ತಿಂಗಳಲ್ಲಿ ಕುಡಿಯುವ ನೀರನ್ನು ಸಿನಿಮಾಕ್ಕೆ ಸುರಿಯುವುದು ನನಗೆ ಮನಸ್ಸಿಗೆ ಒಗ್ಗಲಿಲ್ಲ. ತೋಟದ ಯಜಮಾನರು ಕೊಳವೆಬಾವಿಯಿಂದ ಎರಡು ಸಾವಿರ ಲೀಟರ್ ಕೊಡಲು ಒಪ್ಪಿದ್ದರು, ಅದಕ್ಕಿಂತ ಹೆಚ್ಚು ಕೇಳಬಾರದು ಎಂದು ನಿರ್ಧರಿಸಿದ್ದೆವು. ಮಳೆ ಬೀಳುವ ನೆಲಕ್ಕೆ ಟಾರ್ಪಾಲಿನ್ ಹಾಸಿ, ಸುತ್ತ ಮಣ್ಣಿನ ಬದು ಕಟ್ಟಿ, ಮೇಲೆ ತೆಳುವಾಗಿ ಜಲ್ಲಿ ಹರಡಿ, ಒಂದು ಮೂಲೆಯಲ್ಲಿ ಗುಂಡಿ ತೋಡಿ ನೀರು ಅಲ್ಲಿಗೆ ಇಳಿಯುವಂತೆ ಮಾಡಿದೆವು. ಬಿದ್ದದ್ದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮರಳಿ ಸಿಗುತ್ತಿತ್ತು. ಆ ಉಳಿತಾಯಕ್ಕೆ ಐದನೆಯ ದಿನ ಬೆಲೆ ತೆರಬೇಕಾಯಿತು: ಮಾವಿನ ಒಣ ಹೂವು, ಮಣ್ಣು, ಜಲ್ಲಿಯ ಪುಡಿ ಎಲ್ಲ ಪೈಪಿಗೆ ಸೇರಿ 84 ತೂತುಗಳಲ್ಲಿ ಅರ್ಧಕ್ಕರ್ಧ ಕಟ್ಟಿಕೊಂಡವು. ಏಣಿ ಹತ್ತಿ ದಬ್ಬಳದಿಂದ ಒಂದೊಂದನ್ನೇ ಬಿಡಿಸಿದೆವು. ಆಮೇಲೆ ಗುಂಡಿಯನ್ನು ಎರಡಾಗಿ ಮಾಡಿ, ಮೊದಲನೆಯದರಲ್ಲಿ ಕೆಸರು ತಳಕ್ಕೆ ಕೂತು ಮೇಲಿನ ತಿಳಿ ಮಾತ್ರ ಎರಡನೆಯದಕ್ಕೆ ಹರಿಯುವಂತೆ ಮಾಡಿ, ಪಂಪು ನೀರು ಹೀರುವ ಪೈಪಿನ ತುದಿಯ ಫುಟ್ ವಾಲ್ವಿಗೆ ಸೊಳ್ಳೆಪರದೆಯ ಬಲೆಯನ್ನೂ ಅದರ ಮೇಲೆ ಹಳೆಯ ವಾಯಿಲ್ ಸೀರೆಯ ಎರಡು ಮಡಿಕೆಯನ್ನೂ ಕಟ್ಟಿದೆವು. ಪ್ರತಿ ಸಾಲಿನ ತುದಿಯ ಕ್ಯಾಪನ್ನು ಅಂಟಿಸದೆ ತಿರುಪಿನದ್ದನ್ನು ಹಾಕಿದ್ದರಿಂದ ದಿನಕ್ಕೊಮ್ಮೆ ತೆಗೆದು ಪೈಪು ತೊಳೆಯಲು ಬರುತ್ತಿತ್ತು. ನಟರ ಮೇಲೆ ನೇರವಾಗಿ ಬೀಳುವ ನಡುವಿನ ಸಾಲಿಗೆ ಮಾತ್ರ ಮರುಬಳಕೆಯ ನೀರನ್ನು ಬಿಡದೆ, ಚಿತ್ರೀಕರಣದ ದಿನ ಬೇರೆ ಟ್ಯಾಂಕಿನಿಂದ ಇನ್ನೊಂದು ಸಣ್ಣ ಪಂಪಿನ ಮೂಲಕ ಶುದ್ಧ ನೀರನ್ನೇ ಕೊಟ್ಟೆವು. ಆ ಸಾಲನ್ನು ಉಂಗುರದಿಂದ ಬೇರ್ಪಡಿಸಿದ್ದರಿಂದ ಕೈಜೋಡಿಸುವ ಕೆಲಸ ಇನ್ನಷ್ಟು ಸುಲಭವಾಯಿತು, ಬೈಪಾಸ್ ವಾಲ್ವನ್ನು ಒಂದು ಮಟ್ಟದಲ್ಲಿ ಹಾಗೆಯೇ ಬಿಡಬಹುದಾಯಿತು.

ವಿದ್ಯುತ್ತಿನ ವಿಷಯದಲ್ಲಿ ನಾನು ಯಾರ ಅವಸರಕ್ಕೂ ಮಣಿಯಲಿಲ್ಲ. ಪಂಪಿಗೂ ದೀಪಗಳಿಗೂ 30 ಮಿಲಿ ಆಂಪಿಯರಿಗೆ ಬೀಳುವ ಇಎಲ್‌ಸಿಬಿ (ವಿದ್ಯುತ್ತು ಸೋರಿದ ಕೂಡಲೇ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿ, ಅರ್ತಿಂಗ್ ಪರೀಕ್ಷಿಸಿ, ಎಲ್ಲ ಜಾಯಿಂಟ್‌ಗಳನ್ನೂ ಒದ್ದೆ ನೆಲದಿಂದ ಆಚೆ ಮರದ ಸ್ಟೂಲಿನ ಮೇಲಿಟ್ಟೆವು. ಆದರೂ ಆರನೆಯ ರಾತ್ರಿ ಇದ್ದಕ್ಕಿದ್ದಂತೆ ಎಲ್ಲ ದೀಪವೂ ಆರಿತು. ಹುಡುಕಿದಾಗ, ಯಾರೋ ಎಕ್ಸ್‌ಟೆನ್ಷನ್ ವೈರು ಸಾಲದೆ ಟೇಪು ಸುತ್ತಿ ಜೋಡಿಸಿದ್ದ ಒಂದು ಗಂಟು ಸ್ಟೂಲಿನಿಂದ ಜಾರಿ ಹುಲ್ಲಿನ ಮೇಲೆ ಬಿದ್ದಿತ್ತು, ಹುಲ್ಲು ಒದ್ದೆಯಾಗಿತ್ತು. ಇಎಲ್‌ಸಿಬಿ ಇಲ್ಲದಿದ್ದರೆ ಅದನ್ನು ಹುಡುಕಿ ತೆಗೆದವರ ಗತಿ ಏನಾಗುತ್ತಿತ್ತೋ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆ ಗಂಟನ್ನು ಕತ್ತರಿಸಿ ಬಿಸಾಡಿ, ಒಂದೇ ಉದ್ದದ ಹೊಸ ವೈರು ತಂದೆವು. ಗಾಳಿಗೆಂದು ತಂದಿದ್ದ ಪೆಡೆಸ್ಟಲ್ ಫ್ಯಾನನ್ನೂ ಅಂದೇ ವಾಪಸು ಕಳಿಸಿದೆವು. ಇಬ್ಬರು ಹುಡುಗರು ಚೌಕಟ್ಟಿನ ಆಚೆ ನಿಂತು ದೊಡ್ಡ ಥರ್ಮೋಕೋಲ್ ಹಲಗೆಗಳನ್ನು ಒಂದೇ ತಾಳದಲ್ಲಿ ಬೀಸಿದರೆ ಮಳೆ ವಾಲಲು ಅಷ್ಟು ಗಾಳಿ ಸಾಕಾಗುತ್ತಿತ್ತು.

ಕೊಡೆಯನ್ನು ಮಗುಚುವುದು ಮಾತ್ರ ಹಲಗೆಯ ಗಾಳಿಗೆ ಆಗುವ ಕೆಲಸವಲ್ಲ. ಎಂಟು ಕಡ್ಡಿಯ ಗಂಡಸರ ಕಪ್ಪು ಕೊಡೆ ಮೂರು ತಂದಿದ್ದೆ. ಪ್ರತಿ ಕಡ್ಡಿಯ ತುದಿಗೂ ಒಂದೊಂದು ದಾರ ಕಟ್ಟಿ, ಎಂಟನ್ನೂ ಕೊಡೆಯ ನೆತ್ತಿಯ ಮೇಲೆ ಎರಡಡಿ ಎತ್ತರದಲ್ಲಿ ಒಂದು ಹಳೆಯ ಸ್ಟೀಲ್ ಬಳೆಗೆ ಸೇರಿಸಿ, ಬಳೆಯಿಂದ ಒಂದು ಹಗ್ಗವನ್ನು ಬೊಂಬಿಗೆ ಕಟ್ಟಿದ ರಾಟೆಯ ಮೇಲಿಂದ ಪಕ್ಕಕ್ಕೆ ಇಳಿಸಿದೆ. ಹಗ್ಗ ಎಳೆದರೆ ಬಳೆ ಏರಿ ಕಡ್ಡಿಗಳು ಮೇಲ್ಮುಖವಾಗುತ್ತವೆ. ಮೊದಲು ಕಟ್ಟಿದ್ದು ಮೀನುಗಾರರ ನೈಲಾನ್ ದಾರ. ಕಣ್ಣಿಗೆ ಕಾಣದಷ್ಟು ತೆಳುವಾದ ಅದು ಹಿಂದಿನ ದೀಪದಲ್ಲಿ ಹನಿಗಳನ್ನು ಪೋಣಿಸಿಕೊಂಡು ಮುತ್ತಿನ ಸರದಂತೆ ಹೊಳೆಯಿತು. ಚಪ್ಪಲಿ ಹೊಲಿಯುವ ಕಪ್ಪು ದಾರ ಅದಕ್ಕಿಂತ ದಪ್ಪ, ಆದರೆ ನೀರನ್ನು ಹೀರಿಕೊಳ್ಳುವುದರಿಂದ ಅದರ ಮೇಲೆ ಹನಿ ನಿಲ್ಲುವುದಿಲ್ಲ, ಹೊಳೆಯುವುದೂ ಇಲ್ಲ. ದಾರ ಬದಲಿಸಿದ ಮೇಲೆ ಮೂರನೆಯ ಎಳೆತಕ್ಕೆ ಎರಡು ಕಡ್ಡಿ ಬಾಗಿದವು. ಎಂಟು ದಾರಗಳ ಉದ್ದ ಒಂದೇ ಸಮ ಇರದೆ, ಮೊದಲು ಬಿಗಿಯಾದ ಕಡ್ಡಿಯೇ ಇಡೀ ಎಳೆತವನ್ನು ಹೊರುತ್ತಿದ್ದುದು ಕಾರಣ. ಕೊಡೆಯನ್ನು ನೆಟ್ಟಗೆ ನಿಲ್ಲಿಸಿ, ಬಳೆಯನ್ನು ಅದರ ನೆತ್ತಿಯ ನೇರಕ್ಕೆ ತೂಗುಹಾಕಿ, ಒಂದೊಂದು ದಾರವನ್ನೂ ಬೆರಳಿನಿಂದ ಮೀಟಿ ಒಂದೇ ಬಿಗಿಗೆ ತಂದು ಗಂಟು ಹಾಕಿದೆ. ಆಗ ಕೊಡೆ ಹೂವು ಅರಳಿದಂತೆ ಎಲ್ಲ ಕಡೆಯಿಂದಲೂ ಒಮ್ಮೆಲೇ ಮಗುಚಿತು, ಅದು ಯಂತ್ರದ ಕೆಲಸ ಎಂದು ಯಾರಿಗಾದರೂ ತಿಳಿಯುವಂತಿತ್ತು. ಗಾಳಿ ಒಂದು ಮಗ್ಗುಲಿನಿಂದ ಬರುತ್ತದೆ. ಗಾಳಿಗೆ ಬೆನ್ನಾದ ಕಡೆಯ ಮೂರು ದಾರಗಳನ್ನು ಅರ್ಧ ಇಂಚು ಸಡಿಲಿಸಿ, ಮೊದಲು ಹೊರೆ ಹೊರುವ ಕಡ್ಡಿಗಳಿಗೆ ಸೈಕಲ್ ಚಕ್ರದ ಕಡ್ಡಿಯನ್ನು ಕಪ್ಪು ದಾರದಲ್ಲಿ ಸುತ್ತಿ ಬಲ ಕೊಟ್ಟೆ. ಈಗ ಒಂದು ಮಗ್ಗುಲು ಎದ್ದು, ಬಟ್ಟೆ ಒಮ್ಮೆ ಪಟಾರನೆ ಬಡಿದು, ಆಮೇಲೆ ಇನ್ನೊಂದು ಮಗ್ಗುಲು ಏಳುತ್ತಿತ್ತು. ಅದನ್ನು ನೋಡಿ ನಿಂತಿದ್ದವರೆಲ್ಲ ತಾವಾಗಿಯೇ ನಕ್ಕಾಗ ಇದು ಸರಿಯಾಯಿತು ಎಂದು ಕೆಳಗಿಟ್ಟೆ.

ಸದ್ದಿನ ಕೆಲಸ ನಾನು ಎಣಿಸಿದ್ದಕ್ಕಿಂತ ದೊಡ್ಡದಾಯಿತು. ಜಿಂಕ್ ಶೀಟಿನ ಮೇಲೆ ಹನಿ ಬೀಳುವ ರಭಸಕ್ಕೆ ಎರಡಡಿ ದೂರದ ಮಾತೂ ಕೇಳುತ್ತಿರಲಿಲ್ಲ. ಹೊರದೇಶದ ಸ್ಟುಡಿಯೋಗಳಲ್ಲಿ ಇಂಥಲ್ಲಿ ರಬ್ಬರು ಹಚ್ಚಿದ ಕೂದಲಿನ ಹಾಸನ್ನು ಹೊದಿಸುತ್ತಾರೆ; ಹನಿ ಅದರ ಎಳೆಗಳಲ್ಲಿ ಸಿಕ್ಕಿ ಸದ್ದಿಲ್ಲದೆ ಇಳಿಯುತ್ತದೆ. ನಮಗೆ ಹಾಸಿಗೆ ಅಂಗಡಿಯಲ್ಲಿ ಅದಕ್ಕೆ ಸಮನಾದ ತೆಂಗಿನ ನಾರಿನ ಹಾಸು ಸಿಕ್ಕಿತು. ಎರಡು ಇಂಚು ದಪ್ಪದ್ದನ್ನು ಸೂರಿನ ಮೇಲೆ, ಕ್ಯಾಮೆರಾಕ್ಕೆ ಕಾಣುವ ಅಂಚಿನ ಒಂದು ಗೇಣು ಬಿಟ್ಟು, ಪೂರ್ತಿ ಹರಡಿದೆವು. ಅಬ್ಬರ ಅರ್ಧಕ್ಕಿಂತ ಕಡಿಮೆಯಾಯಿತು. ಕೊಡೆಯ ಬಿಗಿ ಬಟ್ಟೆಯ ಮೇಲಿನ ಪಟಪಟ ಸದ್ದಿಗೆ ಮಾತ್ರ ಉಪಾಯ ಇರಲಿಲ್ಲ. ಆದ್ದರಿಂದ ಪ್ರತಿ ಟೇಕ್ ಒಪ್ಪಿಗೆಯಾದ ತಕ್ಷಣ ಪಂಪು ನಿಲ್ಲಿಸಿ, ನಟರು ಅಲ್ಲೇ, ಅದೇ ಉಸಿರಿನಲ್ಲಿ, ಮೈ ಇನ್ನೂ ತೊಯ್ದಿರುವಾಗಲೇ ಮಾತುಗಳನ್ನು ಮತ್ತೊಮ್ಮೆ ಆಡಿ ಧ್ವನಿಮುದ್ರಿಸಿದೆವು. ಸ್ಟುಡಿಯೋದಲ್ಲಿ ವಾರಗಳ ಬಳಿಕ ಮಾಡುವ ಡಬ್ಬಿಂಗಿನಲ್ಲಿ ಚಳಿಗೆ ನಡುಗುವ ಆ ಸ್ವರ ಸಿಗುವುದಿಲ್ಲ. ಮಳೆಯ ಸದ್ದನ್ನು ಬೇರೆಯಾಗಿ ಕಟ್ಟಿದೆವು: ನಾರಿನ ಹಾಸು ತೆಗೆದು ಬರಿಯ ಶೀಟಿನ ಮೇಲೆ ಒಂದು, ಜಲ್ಲಿಯ ಮೇಲೆ ಒಂದು, ಬಾಳೆಎಲೆಯ ಮೇಲೆ ಮೊರದಿಂದ ಅಕ್ಕಿಯನ್ನು ಸಣ್ಣಗೆ ಸುರಿದು ಇನ್ನೊಂದು. ಕೊಡೆಯಡಿಯ ಆಪ್ತ ಮಾತಿನ ಹಿಂದೆ ಚೆನ್ನಾಗಿ ಕೂತದ್ದು ಅಕ್ಕಿಯದೇ.

ಬಟ್ಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ವಸ್ತ್ರವಿನ್ಯಾಸದಲ್ಲಿ ಮೊದಲು ನಟಿಗೆ ತಿಳಿಹಳದಿ ಬಣ್ಣದ ತೆಳು ಕುರ್ತಾ ಇತ್ತು. ಒದ್ದೆಯಾದರೆ ಅದು ಹೇಗಿರುತ್ತದೆ ಎಂದು ಬಟ್ಟೆಯನ್ನಷ್ಟೇ ನೀರಿಗೆ ಹಿಡಿದು ನೋಡಿದ ಮರುಕ್ಷಣ ಅದನ್ನು ಕೈಬಿಟ್ಟೆವು. ಒಳಪದರವಿರುವ ದಪ್ಪ ಕೈಮಗ್ಗದ ಮರೂನ್ ಕುರ್ತಾ ಮೂರು, ನಟನಿಗೆ ಅದೇ ಲೆಕ್ಕದಲ್ಲಿ ಅಂಗಿ ಪ್ಯಾಂಟು ಮೂರು ಜೊತೆ. ಒಣಗಿದ ಬಟ್ಟೆಯಲ್ಲಿ ಶುರುವಾಗುವ ಟೇಕ್‌ಗಳು ಮೂರಕ್ಕಿಂತ ಹೆಚ್ಚು ಆಗಬಾರದೆಂಬ ಶಿಸ್ತು ಅದರಿಂದಲೇ ಬಂತು. ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರನ್ನೂ ಒದ್ದೆಯಲ್ಲಿ ನಿಲ್ಲಿಸಲಿಲ್ಲ. ಯಜಮಾನರ ಮನೆಯ ಅಮ್ಮ ಹಂಡೆಯಲ್ಲಿ ನೀರು ಕಾಯಿಸಿಟ್ಟು, “ಮೊದ್ಲು ತಲೆ ಒರೆಸ್ಕೊ ಮಗಾ, ಆಮೇಲೆ ನಿನ್ ಸಿನ್ಮಾ” ಎಂದು ನಟಿಯ ಕೈಗೆ ತಾವೇ ಟವೆಲ್ ಕೊಡುತ್ತಿದ್ದರು.

ಚಿತ್ರೀಕರಣ ಹತ್ತನೆಯ ಮತ್ತು ಹನ್ನೊಂದನೆಯ ರಾತ್ರಿ ನಡೆಯಿತು. ಮಾತಿನ ಭಾಗ ಸರಾಗವಾಗಿ ಮುಗಿಯಿತು. ಕೊಡೆಯ ಭಾಗದ ಮೊದಲ ಟೇಕ್‌ನಲ್ಲಿ ನಡುವಿನ ಸಾಲಿನ ನೀರು ಕೊಡೆ ಮಗುಚುವ ಮೊದಲೇ ಬಂತು. ವಾಲ್ವ್ ತೆರೆದ ಮೇಲೆ ಹನಿ ನಟರನ್ನು ಮುಟ್ಟಲು ಸುಮಾರು ಎರಡು ಸೆಕೆಂಡು ಬೇಕು ಎಂದು ಲೆಕ್ಕವಿಟ್ಟಿದ್ದೆವು, ಪೈಪು ಆಗಲೇ ತುಂಬಿದ್ದರಿಂದ ಒಂದೇ ಸೆಕೆಂಡು ಸಾಕಾಯಿತು. ಎರಡನೆಯದರಲ್ಲಿ ಕೊಡೆಯೂ ನೀರೂ ಹೊಂದಿದವು, ಆದರೆ ನಟ ಬೆಚ್ಚಿ ಹಿಡಿ ಬಿಟ್ಟುಬಿಟ್ಟರು, ಕೊಡೆ ದಾರದಲ್ಲಿ ಗಾಳಿಪಟದಂತೆ ತೂಗಾಡಿತು. ಮೂರನೆಯದು, ಎಂದರೆ ಕೊನೆಯ ಒಣ ಬಟ್ಟೆಯ ಜೊತೆ. ನಟಿಯ ಮಾತಿನ ಕೊನೆಯ ಅಕ್ಷರಕ್ಕೆ ಸರಿಯಾಗಿ ಹಗ್ಗ ಎಳೆದೆ. ಒಂದು ಮಗ್ಗುಲು, ಪಟಾರ್ ಎಂಬ ಸದ್ದು, ಇನ್ನೊಂದು ಮಗ್ಗುಲು, ಆಮೇಲೆ ಇಬ್ಬರ ತಲೆಯ ಮೇಲೆ ಮಳೆ. ಅವರು ಮಾತಿಲ್ಲದೆ ಆ ತಲೆಕೆಳಗಾದ ಕೊಡೆಯನ್ನು ನೋಡಿದರು, ಅದರ ಬಟ್ಟಲಿನಲ್ಲಿ ನೀರು ತುಂಬುತ್ತಿತ್ತು, ನಟಿ ಅದನ್ನು ಮೆಲ್ಲಗೆ ಓರೆ ಮಾಡಿ ನಟನ ಭುಜದ ಮೇಲೆ ಸುರಿದರು. ಅದು ಚಿತ್ರಕಥೆಯಲ್ಲಿ ಇರಲಿಲ್ಲ. ನಿರ್ದೇಶಕರು ಕಟ್ ಹೇಳಲು ಬಹಳ ಹೊತ್ತು ತೆಗೆದುಕೊಂಡರು.

ಚೌಕಟ್ಟನ್ನು ಮರುದಿನ ಬಿಚ್ಚಿದೆವು. ಹಿಂದಿನ ಸಾಲನ್ನೂ ಉಂಗುರದ ಪೈಪನ್ನೂ ಯಜಮಾನರು ಅಡಿಕೆ ಸಸಿಮಡಿಗೆ ಹಾಕಿಕೊಂಡಿದ್ದಾರೆ, ಗುಂಡಿಯಲ್ಲಿ ಉಳಿದಿದ್ದ ನೀರೂ ಅದೇ ಮಡಿಗೆ ಹೋಯಿತು. ಮುಂದಿನ ಸಾಲು ಮತ್ತು ಬೈಪಾಸ್ ವಾಲ್ವ್ ನನ್ನ ಮನೆಯ ಮಹಡಿಯ ಮೇಲಿವೆ; ನೀರು ನಿಂತ ಗುಂಡಿಗೆ ಕಾಲಿಡುವ ಒಂದು ಹತ್ತಿರದ ಶಾಟ್ ಇನ್ನೂ ಬಾಕಿ ಇದೆ, ಅದಕ್ಕೆ ಐದು ಅಡಿ ಪೈಪು ಸಾಕು.